ದಾವಣಗೆರೆ–ಹರಿಹರಕ್ಕೆ ಮೆಟ್ರೋ ಬೇಡ, ಅರ್ಧ ಗಂಟೆಗೊಂದು ಮೆಮು ಸಾಕು

ನಮ್ಮೂರಿಗೂ ಮೆಟ್ರೋ ಬರಲಿ ಅನ್ನುವವರು ಮೊದಲು ಊರ ನಡುವೆ ಹಾದುಹೋದ ಹಳಿ ನೋಡಬೇಕು. ಜೋಡಿ ಮಾರ್ಗವಿದೆ, ಮೇಲೆ ಕರೆಂಟಿನ ತಂತಿಯಿದೆ. 2023ರ ಜೂನ್‌ನಿಂದ ಬೆಂಗಳೂರು–ಧಾರವಾಡ ವಂದೇ ಭಾರತ್ ಓಡುತ್ತಿರುವುದೂ ಇದರ ಮೇಲೆಯೇ. ಹರಿಹರ ದಾವಣಗೆರೆಯಿಂದ ಸುಮಾರು 14 ಕಿ.ಮೀ., ನಡುವೆ ಅಮರಾವತಿ ಕಾಲೊನಿ.

ಲೆಕ್ಕ ಹೀಗೆ ಹಾಕಬಹುದು: ಹೋಗಲು 20 ನಿಮಿಷ, ಹರಿಹರದಲ್ಲಿ 10, ಬರಲು 20, ಇಲ್ಲಿ 10. ಒಂದು ಸುತ್ತಿಗೆ ಒಂದು ಗಂಟೆ. ಎರಡು ಮೆಮು, ಅಂದರೆ ಬೇರೆ ಎಂಜಿನ್ ಇಲ್ಲದೆ ಕರೆಂಟಿನಲ್ಲಿ ಓಡುವ ಲೋಕಲ್ ರೈಲು, ಇದ್ದರೆ ಅರ್ಧ ಗಂಟೆಗೊಂದು ಗಾಡಿ. ಮೆಮುವೇ ಯಾಕೆಂದರೆ ಅದರ ಎರಡೂ ತುದಿಯಲ್ಲಿ ಚಾಲಕನ ಕ್ಯಾಬಿನ್ ಇರುತ್ತದೆ. ಎಂಜಿನ್ ಎಳೆಯುವ ಗಾಡಿಯಾದರೆ ಎಂಜಿನ್ ಕಳಚಿ, ಇನ್ನೊಂದು ಲೈನಿನಲ್ಲಿ ಸುತ್ತಿಸಿ, ಮತ್ತೆ ಜೋಡಿಸಿ, ಬ್ರೇಕ್ ಪರೀಕ್ಷೆ ಮಾಡಬೇಕು. ಆ 10 ನಿಮಿಷ ಅಲ್ಲೇ ಕರಗಿಹೋಗುತ್ತದೆ.

ಗಾಡಿ ಎಲ್ಲಿ ತಿರುಗುತ್ತದೆ ಅನ್ನುವುದೂ ಮುಖ್ಯ. ಅಂಚಿನ ಪ್ಲಾಟ್‌ಫಾರ್ಮಿನಲ್ಲಿ ನಿಂತರೆ ಬರುವಾಗಲೋ ಹೋಗುವಾಗಲೋ ಎದುರು ದಿಕ್ಕಿನ ಮುಖ್ಯ ಮಾರ್ಗವನ್ನು ಅಡ್ಡ ದಾಟಲೇಬೇಕು. ಮುಖ್ಯ ಮಾರ್ಗದಿಂದ ಪಕ್ಕದ ಲೂಪ್ ಲೈನಿಗೆ ಹಳಿ ಕವಲೊಡೆಯುವ ಪಾಯಿಂಟ್ ಮೇಲೆ ವೇಗ ಸಾಮಾನ್ಯವಾಗಿ ಗಂಟೆಗೆ 30 ಕಿ.ಮೀ. ಮಾತ್ರ. ಅಷ್ಟು ಹೊತ್ತು ಎಕ್ಸ್‌ಪ್ರೆಸ್ಸೂ ಗೂಡ್ಸೂ ಸಿಗ್ನಲ್ ಬಳಿ ಕಾಯಬೇಕು. ಎರಡು ಮುಖ್ಯ ಮಾರ್ಗಗಳ ನಡುವೆ ಒಂದು ತಿರುಗುವ ಲೈನು ಸಿಕ್ಕರೆ ಈ ಕಾಟವಿಲ್ಲ.

ಆದರೆ ನಿಜವಾದ ಕಗ್ಗಂಟು ಗೇಟು. ಅಶೋಕ ಟಾಕೀಸ್ ಪಕ್ಕದ ಗೇಟಿನಲ್ಲಿ ಕಾದು ಸಾಕಾದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇಂಟರ್‌ಲಾಕ್ ಆದ ಗೇಟು ಪೂರ್ತಿ ಮುಚ್ಚಿ ಬೀಗ ಬೀಳುವವರೆಗೆ ಸಿಗ್ನಲ್ ಬಿಡುವುದಿಲ್ಲ. ಒಂದು ಆಟೋ ನಡುವೆ ಸಿಕ್ಕಿಕೊಂಡರೆ ಗಾಡಿಯೂ ತಡ, ರಸ್ತೆಯೂ ತಡ. ಮಾರ್ಗದಲ್ಲಿ ಬರುವ ಯಾವ ಗೇಟಾದರೂ ಅಷ್ಟೆ: ಅರ್ಧ ಗಂಟೆಗೊಂದರಂತೆ ಎರಡೂ ಕಡೆ ಓಡಿಸಿದರೆ ಗಂಟೆಗೆ ನಾಲ್ಕು ಗಾಡಿ, ತಲಾ 6 ನಿಮಿಷ ಹಿಡಿದರೂ ಗಂಟೆಗೆ 24 ನಿಮಿಷ ಮುಚ್ಚಿದ ಗೇಟು. ಈಗಿನ ಗಾಡಿಗಳ ಲೆಕ್ಕ ಬೇರೆ. ಹಾಗಾಗಿ ಸೇತುವೆ ಮೊದಲು, ಶಟಲ್ ಆಮೇಲೆ.

ಗೇಟಿನ ಬದಲು ಮೇಲ್ಸೇತುವೆ ಕೇಳುವಾಗ ರೈಲ್ವೆ ನೋಡುವುದು ಟಿವಿಯು, ಅಂದರೆ ದಿನದ ಗಾಡಿಗಳನ್ನು ರಸ್ತೆ ವಾಹನಗಳಿಂದ ಗುಣಿಸಿದ ಸಂಖ್ಯೆ. ವೆಚ್ಚ ಹಂಚಿಕೊಳ್ಳಲು ರೂಢಿಯ ಮಿತಿ 1 ಲಕ್ಷ. ಈ ಎಣಿಕೆಯಲ್ಲಿ ಬಸ್ಸು, ಕಾರು ಒಂದಾದರೆ ಆಟೋ ಅರ್ಧ, ಬೈಕ್ ಕಾಲು. ಬೈಕು ಆಟೋಗಳೇ ತುಂಬಿದ ನಮ್ಮಂಥ ಊರಿಗೆ ಇದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ.

ಜಾಗವಿಲ್ಲದೆ ಕೆಳಸೇತುವೆಯೇ ಗತಿಯಾದರೆ ನೀರಿನ ಯೋಚನೆ ನಕ್ಷೆಯಲ್ಲೇ ಆಗಬೇಕು. ತಗ್ಗಿನಲ್ಲಿ ಸಂಪು, ಎರಡು ಪಂಪು, ಮಳೆಯಲ್ಲಿ ಕರೆಂಟು ಹೋದರೆ ಜನರೇಟರ್. ಇಳಿಜಾರು ಶುರುವಾಗುವಲ್ಲೇ ರಸ್ತೆಯನ್ನು ಸ್ವಲ್ಪ ಉಬ್ಬಿಸಿ, ಅಡ್ಡ ಚರಂಡಿ ಕೊಟ್ಟರೆ ಸುತ್ತಲಿನ ನೀರು ಒಳಗೆ ನುಗ್ಗುವುದಿಲ್ಲ. ಪಂಪಿನ ಸ್ವಿಚ್ ಬೋರ್ಡು ಮಾತ್ರ ಮೇಲೆ, ರಸ್ತೆ ಮಟ್ಟಕ್ಕಿಂತ ಎತ್ತರದಲ್ಲಿರಲಿ. ಕೆಳಗೆ ಇಟ್ಟರೆ ಮೊದಲ ಜೋರು ಮಳೆಗೆ ಮುಳುಗುವುದು ಅದೇ.