ಬಿಳಿ ಬೂದಿ ನುಂಗಿದ ಟೀಚರ್

ಮುಲ್ಕಿಯಲ್ಲಿ ನಾನು ಬಸ್ಸಿನಿಂದ ಇಳಿದದ್ದಲ್ಲ, ಹಾರಿದ್ದು. "ನಿಮ್ಮದು ಉಡುಪಿ ಟಿಕೇಟಲ್ಲವಾ ಅಕ್ಕ?" ಎಂದು ಕಂಡಕ್ಟರ್ ಕೂಗಿದ್ದು ಬೆನ್ನಿಗೆ ಕೇಳಿಸಿತು. ತಿರುಗಿ ಉತ್ತರ ಕೊಡುವಷ್ಟು ವ್ಯವಧಾನ ನನಗಿರಲಿಲ್ಲ. ಎದುರಿಗೆ ಕಂಡ ಹೋಟೆಲಿಗೆ ನುಗ್ಗಿದೆ. ಗಲ್ಲಾದಲ್ಲಿ ಕುಳಿತಿದ್ದ ಹಿರಿಯರು ನನ್ನ ಮುಖ ನೋಡಿದವರೇ ಏನನ್ನೂ ಕೇಳದೆ ಹಿಂದಿನ ಬಾಗಿಲಿನತ್ತ ಕೈ ತೋರಿಸಿದರು. ಅವರಿಗೆ ಪುಣ್ಯ ಬರಲಿ.

ಇಷ್ಟಕ್ಕೆಲ್ಲ ಕಾರಣ ನನ್ನ ಎಡಗಾಲಿನ ಮೀನಖಂಡ. ಮಂಗಳೂರಿನ ಏಪ್ರಿಲ್ ತಿಂಗಳು ಗೊತ್ತಲ್ಲ, ಫ್ಯಾನಿನ ಕೆಳಗೆ ಕುಳಿತರೂ ಬೆವರು ಇಳಿಯುತ್ತಲೇ ಇರುತ್ತದೆ. ಆ ತಿಂಗಳಿಡೀ ರಾತ್ರಿ ಮೂರರ ಹೊತ್ತಿಗೆ ಕಾಲು ಸೆಳೆದು ಎಚ್ಚರವಾಗುತ್ತಿತ್ತು. ಕೈಯಿಟ್ಟು ನೋಡಿದರೆ ಲಿಂಬೆಹಣ್ಣಿನಷ್ಟು ದೊಡ್ಡ ಗಂಟು. ಗೋಡೆಗೆ ಪಾದ ಒತ್ತಿಕೊಂಡು ನಿಂತರೆ ಐದು ನಿಮಿಷದಲ್ಲಿ ಅದು ಕರಗುತ್ತಿತ್ತು, ನಿದ್ದೆ ಮಾತ್ರ ಮತ್ತೆ ಹತ್ತುತ್ತಿರಲಿಲ್ಲ.

ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು. ಸ್ನಾಯುಗಳ ಕೆಲಸಕ್ಕೆ ಬೇಕಾದ ಖನಿಜ ಮೆಗ್ನೀಸಿಯಂ 1.5 ಇತ್ತು. 1.7ರ ಮೇಲೆ ಇರಬೇಕಂತೆ. ಮೂತ್ರಪಿಂಡ ಸರಿಯಿದೆಯೇ ಎಂಬುದನ್ನೂ ನೋಡಿದರು, ಅದು ಸೋತವರ ಮೈಯಲ್ಲಿ ಮೆಗ್ನೀಸಿಯಂ ಹೊರಹೋಗದೆ ಉಳಿದು ಅಪಾಯ ಮಾಡುತ್ತದೆ. ಆಮೇಲೆ ಅವರು ಕೇಳಿದ ಪ್ರಶ್ನೆ ಒಂದೇ: "ಆ ಗ್ಯಾಸ್ಟ್ರಿಕ್ ಮಾತ್ರೆ ಎಷ್ಟು ಸಮಯದಿಂದ ತೆಗೆದುಕೊಳ್ಳುತ್ತಿದ್ದೀರಿ?" ಲೆಕ್ಕ ಹಾಕಿದೆ. ನಿವೃತ್ತಿಗೆ ಮೊದಲು ಶುರುವಾದದ್ದು, ಆರು ವರ್ಷ ದಾಟಿತ್ತು. ಹೊಟ್ಟೆಯ ಆಮ್ಲ ತಗ್ಗಿಸುವ ಈ ಪ್ಯಾಂಟೊಪ್ರಜೋಲ್ ಜಾತಿಯ ಮಾತ್ರೆಗಳನ್ನು ವರ್ಷಗಟ್ಟಲೆ ನುಂಗಿದರೆ ಕೆಲವರಿಗೆ ಮೆಗ್ನೀಸಿಯಂ ಇಳಿಯುತ್ತದೆಯಂತೆ. "ರಾತ್ರಿ ಕಾಲು ಸೆಳೆತ ಬಂದವರಿಗೆಲ್ಲ ಮೆಗ್ನೀಸಿಯಂ ಕೊಟ್ಟರೆ ಗುಣವಾಗುತ್ತದೆ ಎನ್ನಲು ಗಟ್ಟಿ ಪುರಾವೆ ಇಲ್ಲ. ನಿಮಗೆ ಕಡಿಮೆ ಇರುವುದರಿಂದ ಕೊಡುತ್ತಿದ್ದೇನೆ" ಎಂದು ಚೀಟಿ ಬರೆದರು. ಹೊಟ್ಟೆಗೆ ಹಿತವಾದದ್ದನ್ನೇ ಬರೆದಿದ್ದೇನೆ ಎಂದೂ ಹೇಳಿದ್ದರು.

ನಾನು ಹೋದ ಮೆಡಿಕಲ್ ಅಂಗಡಿಯಲ್ಲಿ ಚೀಟಿಯ ಮೊದಲ ಪದವನ್ನಷ್ಟೇ ಓದಿದರು. ಎರಡನೆಯದು ನನಗೂ ಅರ್ಥವಾಗಿರಲಿಲ್ಲ. "ಮೆಗ್ನೀಸಿಯಂ ಅಲ್ಲವಾ ಅಮ್ಮ, ಎಲ್ಲ ಒಂದೇ" ಎಂದು ಒಂದು ಸ್ಟ್ರಿಪ್ ಕತ್ತರಿಸಿ ಕೊಟ್ಟರು. ಅಗ್ಗವಾಗಿತ್ತು, ಖುಷಿಯೂ ಆಯಿತು. ರಾತ್ರಿ ಒಂದು ನುಂಗಿದೆ. ಮೂರು ಗಂಟೆಗೆ ಕಾಲು ಮತ್ತೆ ಸೆಳೆಯಿತು. ಬೆಳಿಗ್ಗೆ ನೀರುದೋಸೆಯ ಮೇಲೆ ಇನ್ನೊಂದು ನುಂಗಿ, ಸ್ಟೇಟ್ ಬ್ಯಾಂಕ್ ನಿಲ್ದಾಣದಲ್ಲಿ ಉಡುಪಿಯ ಎಕ್ಸ್‌ಪ್ರೆಸ್ ಹತ್ತಿದೆ. ಇನ್ನೊಂದು ನುಂಗೆಂದು ಯಾರೂ ಹೇಳಿರಲಿಲ್ಲ, ಅದು ನನ್ನದೇ ಬುದ್ಧಿ. ಸುರತ್ಕಲ್ ದಾಟುವಾಗ ಹೊಟ್ಟೆಯೊಳಗೆ ಗುಡುಗು ಶುರುವಾಯಿತು. ಪಾವಂಜೆ ಸೇತುವೆ ಬರುವಾಗ ನಾನು ಎದುರಿನ ಸೀಟಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದೆ.

ಹೋಟೆಲಿನಲ್ಲಿ ಉಪ್ಪು ಹಾಕಿದ ಲಿಂಬೆ ಶರಬತ್ತು ಕುಡಿಯುತ್ತ ಸ್ಟ್ರಿಪ್ಪನ್ನು ಮೊದಲ ಬಾರಿ ತಿರುಗಿಸಿ ಓದಿದೆ. ಮೆಗ್ನೀಸಿಯಂ ಆಕ್ಸೈಡ್. ನಾನು ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವಳು. ಪ್ರತಿವರ್ಷ ಹತ್ತನೆಯ ತರಗತಿಯ ಮೊದಲ ಪಾಠಕ್ಕೆ ಮೆಗ್ನೀಸಿಯಂ ಪಟ್ಟಿಯನ್ನು ಮರಳುಕಾಗದದಲ್ಲಿ ಉಜ್ಜಿ, ಇಕ್ಕಳದಲ್ಲಿ ಹಿಡಿದು ಉರಿಸುತ್ತಿದ್ದೆ. ನೇರವಾಗಿ ನೋಡಬೇಡಿ ಎಂದಷ್ಟೂ ಮಕ್ಕಳು ನೋಡುತ್ತಿದ್ದರು. ಕಣ್ಣು ಕೋರೈಸುವ ಬಿಳಿ ಬೆಳಕು ಆರಿದ ಮೇಲೆ ಗಾಜಿನ ತಟ್ಟೆಯಲ್ಲಿ ಉಳಿಯುವ ಬಿಳಿ ಬೂದಿಯೇ ಈ ಆಕ್ಸೈಡ್. ಅದನ್ನೇ ದುಡ್ಡು ಕೊಟ್ಟು ನುಂಗಿ ಬಸ್ಸು ಹತ್ತಿದ್ದೆ!

ತೂಕದ ಲೆಕ್ಕದಲ್ಲಿ ಆ ಬೂದಿಯ ನೂರರಲ್ಲಿ ಅರುವತ್ತು ಪಾಲು ಮೆಗ್ನೀಸಿಯಮ್ಮೇ. ಕಾಗದದ ಮೇಲೆ ಅದಕ್ಕಿಂತ ಸಮೃದ್ಧವಾದ ಮಾತ್ರೆ ಸಿಗುವುದು ಕಷ್ಟ. ಆದರೆ ಮೈಗೆ ಹತ್ತುವುದು ಅದರಲ್ಲಿ ತೀರ ಸ್ವಲ್ಪ. ಅದು ಕರಗುವುದಕ್ಕೆ ಹೊಟ್ಟೆಯ ಆಮ್ಲ ಬೇಕು, ನಾನೋ ಆರು ವರ್ಷದಿಂದ ಆಮ್ಲವನ್ನೇ ಕಟ್ಟಿಹಾಕಿದವಳು. ಹೀರಲಾಗದೆ ಉಳಿದದ್ದು ಕರುಳಿನೊಳಗೆ ನೀರು ಎಳೆದುಕೊಳ್ಳುತ್ತದೆ. ಮುಂದಿನದು ಮುಲ್ಕಿ. ಚಿಕ್ಕಂದಿನಲ್ಲಿ ಮಲಬದ್ಧತೆಗೆ ಅಮ್ಮ ಕುಡಿಸುತ್ತಿದ್ದ ಮಿಲ್ಕ್ ಆಫ್ ಮೆಗ್ನೀಸಿಯಾ ಇದೇ ಕುಟುಂಬದ ಹೈಡ್ರಾಕ್ಸೈಡ್ ಎಂಬುದು ನನಗೆ ಬಾಯಿಪಾಠವಿತ್ತು. ಪಾಠ ಮಾಡುವಾಗ ಬರುವ ಬುದ್ಧಿ ಮಾತ್ರೆ ನುಂಗುವಾಗ ಬರಲಿಲ್ಲ.

ಎರಡು ದಿನ ಉಡುಪಿಯಲ್ಲಿ ತಂಗಿಯ ಮನೆಯಲ್ಲಿ ಗಂಜಿ, ಉಪ್ಪಿನಕಾಯಿ. ಅವಳು ನಕ್ಕದ್ದೇ ನಕ್ಕದ್ದು. "ಮಾತ್ರೆ ಎಂಥಕ್ಕೆ ಅಕ್ಕ, ಹುರುಳಿ ಸಾರು ಮಾಡಿ ಉಣ್ಣು" ಎಂದು ಚೀನಿಕಾಯಿಯ, ಅಂದರೆ ಸಿಹಿಗುಂಬಳದ, ಬೀಜ ತೊಳೆದು ಮೊರದಲ್ಲಿ ಬಿಸಿಲಿಗಿಟ್ಟಳು. ಅವಳು ಹೇಳಿದ್ದರಲ್ಲಿ ಸುಳ್ಳಿಲ್ಲ. ಚೀನಿಕಾಯಿ ಬೀಜ, ಗೇರುಬೀಜ, ಎಳ್ಳು, ಹಸಿರು ಸೊಪ್ಪು, ಎಲ್ಲದರಲ್ಲೂ ಮೆಗ್ನೀಸಿಯಂ ಉಂಟು.

ವಾಪಸು ಬಂದು ಬೇರೆ ಅಂಗಡಿಗೆ ಹೋದೆ. ಕೌಂಟರಿನಲ್ಲಿದ್ದ ಹುಡುಗಿ ಚೀಟಿಯ ಎರಡನೆಯ ಪದವನ್ನು ಓದಿದಳು: ಗ್ಲೈಸಿನೇಟ್. ಗ್ಲೈಸಿನ್ ಎಂಬ ಅಮೈನೋ ಆಮ್ಲಕ್ಕೆ ಕಟ್ಟಿದ ಮೆಗ್ನೀಸಿಯಂ, ಹೊಟ್ಟೆ ಕೆಡಿಸುವುದು ಕಡಿಮೆ. ಸಿಟ್ರೇಟ್ ಕೂಡ ಚೆನ್ನಾಗಿ ಮೈಗೆ ಹತ್ತುತ್ತದೆ, ಆದರೆ ಸಡಿಲ ಹೊಟ್ಟೆಯವರಿಗೆ ಬೇಡ ಎಂದಳು. ಮೂರು ಡಬ್ಬಿಗಳನ್ನು ಮುಂದಿಟ್ಟಳು. ನಾನು ಕನ್ನಡಕ ಏರಿಸಿ ಹಿಂದಿನ ಸಣ್ಣ ಅಕ್ಷರಗಳಿಗೆ ಕೈಹಾಕಿದೆ. ಒಂದರ ಮುಖದಲ್ಲಿ ದಪ್ಪಕ್ಷರದಲ್ಲಿ 1000 ಮಿಲಿಗ್ರಾಂ ಗ್ಲೈಸಿನೇಟ್ ಎಂದಿತ್ತು, ಹಿಂದೆ ಎಲಿಮೆಂಟಲ್ ಮೆಗ್ನೀಸಿಯಂ, ಅಂದರೆ ಅದರೊಳಗಿನ ಬರೀ ಮೆಗ್ನೀಸಿಯಂ, 250 ಎಂದು. ಚೀಟಿಯ ಬೆನ್ನಿಗೆ ಲೆಕ್ಕ ಮಾಡಿದೆ. ಮೆಗ್ನೀಸಿಯಂ 24.3, ಎರಡು ಗ್ಲೈಸಿನ್ ಸೇರಿದ ಒಟ್ಟು ಅಣುತೂಕ 172.4. ಅಂದರೆ ಸಾವಿರದಲ್ಲಿ 141ಕ್ಕಿಂತ ಹೆಚ್ಚು ಸಿಗಲಾರದು. ಮಿಕ್ಕದ್ದು ಎಲ್ಲಿಂದ ಬಂತು? ಇನ್ನೂ ಸಣ್ಣ ಅಕ್ಷರದಲ್ಲಿ ಉತ್ತರವಿತ್ತು: ಬಫರ್ಡ್. ಆಕ್ಸೈಡ್ ಬೆರೆಸಿದ್ದು, ನನ್ನ ಹಳೆಯ ಬೂದಿಯೇ. ಅದನ್ನು ಪಕ್ಕಕ್ಕೆ ಸರಿಸಿದೆ. ಹುಡುಗಿ ಆ ಲೆಕ್ಕವನ್ನು ತನ್ನ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ನನಗೆ ಒಂದು ಗಳಿಗೆ ತರಗತಿಯಲ್ಲಿ ನಿಂತಂತಾಯಿತು.

ಕೊನೆಗೆ ಕೊಂಡದ್ದು ಮಾತ್ರೆಯೊಂದಕ್ಕೆ ಎಲಿಮೆಂಟಲ್ 100 ಎಂದು ನೇರವಾಗಿ ಬರೆದ ಡಬ್ಬಿ, ಆಕ್ಸೈಡಿನ ನಾಲ್ಕು ಪಟ್ಟು ಬೆಲೆ. ರಾತ್ರಿ ಊಟವಾದ ಮೇಲೆ ಮೊದಲ ವಾರ ಒಂದು, ಆಮೇಲೆ ಎರಡು. ಬೆಳಗಿನ ಥೈರಾಯ್ಡ್ ಮಾತ್ರೆಗೂ ಇದಕ್ಕೂ ಕನಿಷ್ಠ ನಾಲ್ಕು ಗಂಟೆ ಅಂತರವಿರಲಿ ಎಂದು ಡಾಕ್ಟರು ಎಚ್ಚರಿಸಿದ್ದರು, ರಾತ್ರಿಯಾದರೆ ಆ ತಾಪತ್ರಯವಿಲ್ಲ. ಗ್ಯಾಸ್ಟ್ರಿಕ್ ಮಾತ್ರೆಯನ್ನೂ ಅವರೇ ಮೆಲ್ಲ ಮೆಲ್ಲ ಇಳಿಸುತ್ತಿದ್ದಾರೆ.

ಹೊಟ್ಟೆ ತಣ್ಣಗಿದೆ. ಜೂನಿನಲ್ಲಿ ಕಾಲು ಎರಡೇ ಬಾರಿ ಸೆಳೆಯಿತು. ಮಾತ್ರೆಯ ಗುಣವೋ, ಮಳೆ ಹಿಡಿದು ಬೆವರು ನಿಂತದ್ದಕ್ಕೋ, ತಂಗಿ ಕಳಿಸಿದ ಬೀಜದ ಡಬ್ಬಿ ಖಾಲಿಯಾದದ್ದಕ್ಕೋ, ಪೈಪೋಟಿಯಲ್ಲಿ ಗೆದ್ದವರು ಯಾರೆಂದು ಹೇಳಲಾರೆ. ತಂಗಿಗೆ ಮಾತ್ರ ಸಂಶಯವೇ ಇಲ್ಲ. ನಿನ್ನೆ ಫೋನು ಮಾಡಿದ್ದಳು. ಇನ್ನೊಂದು ಡಬ್ಬಿ ತುಂಬಿಟ್ಟಿದ್ದಾಳಂತೆ, ಬಂದು ಕೊಂಡುಹೋಗಬೇಕಂತೆ.

"ಈ ಸಲ ರೈಲಿನಲ್ಲಿ ಬಾ ಅಕ್ಕ" ಎಂದಳು. "ಅದರೊಳಗೆ ಎಲ್ಲ ವ್ಯವಸ್ಥೆ ಉಂಟು."