ಅರ್ಧಕ್ಕೇ ನಿಂತ ಉತ್ತರ

ಪ್ರವಾಹದ ಎಚ್ಚರಿಕೆ ಬರೆಯುವುದು ನನ್ನ ಕೆಲಸ. ನೀರಿನ ಲೆಕ್ಕ ಹಾಕುವವರು ಬೇರೆ ಇದ್ದಾರೆ. ಅವರು ಕಳಿಸಿದ ಅಂಕಿಗಳನ್ನು ಜನ ಓದುವ ನಾಲ್ಕು ಸಾಲು ಮಾಡಿಕೊಡುವುದಷ್ಟೇ ನನ್ನ ಪಾಲು. "ಇದಕ್ಕೆ ಹೊರದೇಶದಲ್ಲಿ ಪಿಎಚ್‌ಡಿ ಬೇಕಿತ್ತಾ?" ಅಂತ ಕೇಳುವವರಿದ್ದಾರೆ. ಪ್ರಶ್ನೆ ತಪ್ಪೇನಲ್ಲ. ನನ್ನ ಪ್ರಬಂಧದ ಗಣಿತ ಈ ಕೆಲಸದಲ್ಲಿ ಉಪಯೋಗಕ್ಕೆ ಬರುವುದು ಅಪರೂಪ. ಉಪಯೋಗಕ್ಕೆ ಬರುತ್ತಿರುವುದು 2016ರಲ್ಲಿ ನೆದರ್ಲೆಂಡ್ಸ್‌ನ ಡೆಲ್ಫ್ಟ್‌ನಲ್ಲಿ ಆ ಪ್ರಬಂಧದ ಪರ ನಿಂತು ಮಾತಾಡಿದ ಒಂದು ಮಧ್ಯಾಹ್ನ.

ಬ್ರಿಟನ್‌ನಲ್ಲಿ ವೈವಾ ಸಾಮಾನ್ಯವಾಗಿ ಮುಚ್ಚಿದ ಕೋಣೆಯಲ್ಲಿ ನಡೆಯುತ್ತದೆ. ಇಬ್ಬರು ಪರೀಕ್ಷಕರು, ನೀವು, ಅಷ್ಟೇ. ನೆದರ್ಲೆಂಡ್ಸ್‌ನಲ್ಲಿ ಹಾಗಲ್ಲ. ಬಾಗಿಲು ಎಲ್ಲರಿಗೂ ತೆರೆದಿರುತ್ತದೆ. ನೆರೆಮನೆಯವರು, ಹಳೆಯ ರೂಂಮೇಟು, ದಾರಿಹೋಕರು, ಯಾರು ಬೇಕಾದರೂ ಬಂದು ಕೂರಬಹುದು. ಪ್ರಬಂಧಕ್ಕೆ ಸಮಿತಿ ಮೊದಲೇ ಒಪ್ಪಿಗೆ ಕೊಟ್ಟಿರುತ್ತದೆ, ಪುಸ್ತಕ ಅಚ್ಚಾಗಿರುತ್ತದೆ. ಹಾಗಾದರೆ ಗೌನು ಹಾಕಿಕೊಂಡು ಇಷ್ಟೆಲ್ಲ ನಾಟಕ ಯಾಕೆ ಅಂತ ನನಗೂ ಅನ್ನಿಸಿತ್ತು. ಅಕ್ಕಪಕ್ಕ ಇಬ್ಬರು ಗೆಳೆಯರು ನಿಲ್ಲಬೇಕು, ಅವರಿಗೆ ಪ್ಯಾರಾನಿಂಫ್ ಅಂತ ಹೆಸರು. ಪ್ರಶ್ನೆ ಕೇಳಿದವರಿಗೆ ಸುಮ್ನೆ ಉತ್ತರ ಹೇಳಿದರೆ ಸಾಲದು. "ಅತಿ ವಿದ್ವಾಂಸರಾದ ಎದುರಾಳಿಗಳೇ" ಎನ್ನುವ ಧಾಟಿಯಲ್ಲಿ ಶುರು ಮಾಡಬೇಕು. ಹಿಂದಿನ ದಿನ ಕಾಫಿ ಮೆಷಿನ್ನಿನ ಹತ್ತಿರ ನನ್ನ ಜೊತೆ ಹರಟಿದವರೇ ಆ ವಿದ್ವಾಂಸರು!

ಅದಕ್ಕೂ ಮೊದಲು ಒಂದು ಸಣ್ಣ ಭಾಷಣ ಇರುತ್ತದೆ. ವಿಷಯ ಗೊತ್ತಿಲ್ಲದ ನೆಂಟರಿಗೆ, ಗೆಳೆಯರಿಗೆ ಅಂತಲೇ ಮಾಡುವ ಭಾಷಣ, ಹತ್ತು ಹದಿನೈದು ನಿಮಿಷದ್ದು. ನಾನು 1953ರ ಪ್ರವಾಹದಿಂದ ಶುರು ಮಾಡಿದೆ. ಜನವರಿ 31ರ ರಾತ್ರಿ ಉತ್ತರ ಸಮುದ್ರದಲ್ಲಿ ಬಿರುಗಾಳಿ ಎದ್ದು, ಬೆಳಗಾಗುವ ಹೊತ್ತಿಗೆ ದೇಶದ ನೈಋತ್ಯ ಭಾಗದ ಏರಿಗಳು ಒಡೆದಿದ್ದವು. ಸತ್ತವರು 1,836 ಜನ. ಹವಾಮಾನ ಸಂಸ್ಥೆ ಎಚ್ಚರಿಕೆ ಕೊಟ್ಟಿತ್ತು. ಆದರೆ ಆ ಕಾಲದಲ್ಲಿ ಅಲ್ಲಿನ ರೇಡಿಯೋ ಮಧ್ಯರಾತ್ರಿಗೆ ಬಂದ್ ಆಗುತ್ತಿತ್ತು. ಆವತ್ತೂ ಆಯಿತು. ಎಚ್ಚರಿಕೆ ಇತ್ತು, ಅದು ಮಲಗಿದ್ದವರ ಮನೆ ತಲುಪಲಿಲ್ಲ. ಇದನ್ನು ಹೇಳುವಾಗ ಸಭೆ ಪೂರ್ತಿ ನನ್ನ ಕಡೆಗಿತ್ತು. ಆಮೇಲೆ ನನ್ನ ಮಾಡೆಲ್ಲಿನ ಚಿತ್ರ ತೋರಿಸಿದೆ. ಎರಡನೇ ಸಾಲಿನಲ್ಲಿದ್ದವರೊಬ್ಬರು ನಿಧಾನವಾಗಿ ಕೋಟಿನ ಗುಂಡಿ ಸರಿಮಾಡಿಕೊಳ್ಳತೊಡಗಿದರು.

ಆದರೆ ನನ್ನನ್ನು ನಿಜಕ್ಕೂ ಪಳಗಿಸಿದ್ದು ಒಂದು ಬಿಡಿ ಹಾಳೆ. ಡೆಲ್ಫ್ಟ್‌ನಲ್ಲಿ ಪ್ರಬಂಧದ ಜೊತೆ ಒಂದಷ್ಟು ಹೇಳಿಕೆಗಳ ಪಟ್ಟಿ ಕೊಡಬೇಕು. ಒಂದೊಂದೂ ಒಂದೆರಡು ಸಾಲು, ಅಷ್ಟೇ. ಕೆಲವು ಪ್ರಬಂಧದ ಬಗ್ಗೆ, ಕೆಲವು ಲೋಕದ ಬಗ್ಗೆ. ಷರತ್ತು ಎರಡು: ಹೇಳಿಕೆಯನ್ನು ವಿರೋಧಿಸಲು ಆಗಬೇಕು, ಸಮರ್ಥಿಸಲೂ ಆಗಬೇಕು. ಮಾರ್ಗದರ್ಶಕರು ಅದನ್ನು ನೋಡಿ ಒಪ್ಪಬೇಕು. ಇನ್ನೂರು ಪುಟ ಬರೆದವರಿಗೆ ಇದೇನು ಮಹಾ ಅನ್ನಿಸಬಹುದು. ನನ್ನ ಮೊದಲ ಪಟ್ಟಿ ಪೂರ್ತಿ ಕೆಂಪು ಗೆರೆಗಳೊಂದಿಗೆ ವಾಪಸ್ ಬಂತು. "ಸಾರ್ವಜನಿಕರಿಗೆ ಮಾಹಿತಿ ಸ್ಪಷ್ಟವಾಗಿರಬೇಕು" ಅಂತ ಒಂದು ಬರೆದಿದ್ದೆ. ಪಕ್ಕದಲ್ಲಿ ಮೇಡಂ ಬರೆದಿದ್ದರು: "ಇದನ್ನು ಬೇಡ ಅನ್ನುವವರು ಯಾರಿದ್ದಾರೆ?" ಯಾರೂ ಇಲ್ಲ, ಅಲ್ವಾ? ಯಾರೂ ಬೇಡ ಅನ್ನದ ಮಾತನ್ನು ಹೇಳದಿದ್ದರೂ ನಡೆಯುತ್ತದೆ. ಪತ್ರಿಕಾ ಪ್ರಕಟಣೆಗಳಲ್ಲಿ ಇಂಥವು ರಾಶಿ ಬಿದ್ದಿರುತ್ತವೆ.

ಕೊನೆಗೆ ಉಳಿದ ಹೇಳಿಕೆಗಳಲ್ಲಿ ಒಂದು ಹೀಗಿತ್ತು: ಹತ್ತು ಸಾವಿರ ವರ್ಷಕ್ಕೊಮ್ಮೆ ಎಂಬ ಅಂಕಿಯನ್ನು ಜನರಿಗೆ ಹೇಳುವುದರಿಂದ ಅವರು ಹೆಚ್ಚು ಸುರಕ್ಷಿತರಾಗುವುದಿಲ್ಲ. 1953ರ ನಂತರ ಕೂತ ಡೆಲ್ಟಾ ಆಯೋಗ ಹಾಲೆಂಡ್ ಕರಾವಳಿಯ ಮಧ್ಯಭಾಗಕ್ಕೆ ಹಾಕಿಕೊಟ್ಟ ಮಟ್ಟ ಅದು: ಅಷ್ಟು ಅಪರೂಪಕ್ಕೆ ಏರುವ ನೀರನ್ನೂ ಅಲ್ಲಿನ ಏರಿಗಳು ತಡೆಯಬೇಕು. ಯಾವುದೇ ಒಂದು ವರ್ಷದಲ್ಲಿ ಹತ್ತು ಸಾವಿರಕ್ಕೆ ಒಂದರಷ್ಟು ಸಂಭವ ಎಂದು ಅರ್ಥ. ಕೇಳಿದವರು ಇನ್ನು ಹತ್ತು ಸಾವಿರ ವರ್ಷ ಚಿಂತೆಯಿಲ್ಲ ಅಂದುಕೊಳ್ಳುತ್ತಾರೆ. ನೂರು ವರ್ಷಕ್ಕೊಮ್ಮೆ ಅನ್ನುವ ಪ್ರವಾಹವೇ ಆದರೂ, ಮೂವತ್ತು ವರ್ಷ ಒಂದೇ ಮನೆಯಲ್ಲಿದ್ದರೆ ಒಮ್ಮೆಯಾದರೂ ಬರುವ ಸಂಭವ ಶೇಕಡ 26. ಮನೆ ಸಾಲ ತೀರುವುದರೊಳಗೆ!

ಸಮಿತಿಯಲ್ಲಿ ಏರಿ ಕಟ್ಟುವ ಎಂಜಿನಿಯರ್ ಒಬ್ಬರಿದ್ದರು. ಪ್ರಬಂಧವನ್ನು ಮುಟ್ಟಲೇ ಇಲ್ಲ. ಆ ಹೇಳಿಕೆಯನ್ನು ಗಟ್ಟಿಯಾಗಿ ಓದಿ ಅಂತ ನನ್ನ ಪ್ಯಾರಾನಿಂಫ್‌ಗೆ ಹೇಳಿದರು. ನನ್ನ ಮಾತು ಬೇರೆಯವರ ಬಾಯಲ್ಲಿ ಸ್ವಲ್ಪ ಉಡಾಫೆಯಾಗಿ ಕೇಳಿಸಿತು. "ಹಾಗಾದರೆ ಅಂಕಿ ಮುಚ್ಚಿಡಬೇಕೋ?" ಎಂದರು. ಏರಿ ಕಟ್ಟುವವರಿಗೆ ಅಂಕಿ ಬೇಕು, ಮನೆಯವರಿಗೆ ಯಾವ ರಸ್ತೆಯಲ್ಲಿ, ಎಷ್ಟು ಗಂಟೆಯೊಳಗೆ ಹೊರಡಬೇಕು ಅನ್ನುವುದು ಬೇಕು ಎಂದೆ. ಅವರು ಬಿಡಲಿಲ್ಲ. "ಆ ಮನೆಯವರು ಏರಿಗಳನ್ನು ನೋಡಿಕೊಳ್ಳುವ ನೀರಿನ ಮಂಡಳಿಗೆ ತೆರಿಗೆ ಕಟ್ಟುತ್ತಾರೆ, ಅದರ ಚುನಾವಣೆಯಲ್ಲಿ ವೋಟು ಹಾಕುತ್ತಾರೆ. ಏನನ್ನು ಕೊಂಡುಕೊಂಡಿದ್ದೇವೆ ಅಂತ ಅವರಿಗೆ ಗೊತ್ತಾಗುವುದು ಬೇಡವೇ?"

ಒಳ್ಳೆಯ ಏಟು. ನಾನು ಬಾಯಿ ತೆರೆದೆ, ಎರಡು ವಾಕ್ಯ ಹೇಳಿರಬೇಕು. ಬಾಗಿಲು ತೆರೆಯಿತು. ಉದ್ದನೆಯ ಗೌನು ತೊಟ್ಟ ಪೆಡೆಲ್, ಅಂದರೆ ಸಮಾರಂಭ ನೋಡಿಕೊಳ್ಳುವ ವಿಶ್ವವಿದ್ಯಾಲಯದ ಅಧಿಕಾರಿ, ಕೋಲು ಹಿಡಿದು ಒಳಗೆ ಬಂದು "ಹೋರಾ ಎಸ್ಟ್" ಎಂದರು. ಹೊತ್ತಾಯಿತು ಅಂತ. ಆಮೇಲೆ ಮಾತಿಲ್ಲ. ಉತ್ತರ ಎಲ್ಲಿ ನಿಂತಿತೋ ಅಲ್ಲೇ ನಿಂತಿತು.

ಪದವಿ ಸಿಕ್ಕಿತು, ಫೋಟೋ ಆಯಿತು. ಅವತ್ತಿನಿಂದ ಒಂದು ಅಭ್ಯಾಸ ಉಳಿದಿದೆ. ಮುಖ್ಯವಾದದ್ದನ್ನು ಮೊದಲ ವಾಕ್ಯದಲ್ಲೇ ಹೇಳಿಬಿಡುತ್ತೇನೆ. ರೇಡಿಯೋದಲ್ಲಿ, ಸಭೆಯಲ್ಲಿ, ಫೋನಿನಲ್ಲಿ ಪೆಡೆಲ್ ಯಾವಾಗ ಬೇಕಾದರೂ ಒಳಗೆ ಬರಬಹುದು.

ಆಫೀಸಿನಲ್ಲಿ ಜಗಳ ನಡೆಯುವುದು ಮಾತ್ರ ಆ ಬಿಡಿ ಹಾಳೆಯ ಷರತ್ತಿನ ಮೇಲೆ. "ನದಿ ದಡದ ಜನರು ಎಚ್ಚರಿಕೆಯಿಂದ ಇರಬೇಕು" ಅಂತ ಕಳಿಸಿದರೆ ಯಾರಿಗೂ ತೊಂದರೆಯಿಲ್ಲ, ಬರೆದವರಿಗಂತೂ ಇಲ್ಲವೇ ಇಲ್ಲ. "ಸಂಜೆ ಆರರೊಳಗೆ ಕೆಳಗಿನ ಸೇತುವೆ ಮುಳುಗಬಹುದು, ಐದರ ಮೇಲೆ ದಾಟಬೇಡಿ" ಅಂತ ಬರೆದರೆ ಮೇಲಿನವರಿಗೆ ಕೈ ನಡುಗುತ್ತದೆ. "ಮುಳುಗದಿದ್ದರೆ?" ಎನ್ನುತ್ತಾರೆ. "ಮುಳುಗದಿದ್ದರೆ ಜನ ನಮ್ಮನ್ನು ಕೇಳಲಿ ಸಾರ್" ಎನ್ನುತ್ತೇನೆ. ಕೆಲವು ಸಲ ಗೆಲ್ಲುತ್ತೇನೆ, ಜಾಸ್ತಿ ಸಲ ವಾಕ್ಯದ ಅರ್ಧ ಉಳಿಯುತ್ತದೆ.

ಎಂಜಿನಿಯರ್ ಮಾತೂ ತಲೆಯಿಂದ ಹೋಗಿಲ್ಲ. ಈಗ ಪ್ರತಿ ಎಚ್ಚರಿಕೆಯ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ನದಿಯ ಮಟ್ಟ, ಅಳೆದ ಜಾಗ, ಅಳೆದ ಹೊತ್ತು ಹಾಕುತ್ತೇನೆ. ಇದನ್ನು ಯಾರು ಓದುತ್ತಾರೆ ಅಂತ ಸಹೋದ್ಯೋಗಿಗಳು ನಕ್ಕಿದ್ದರು. ಒಬ್ಬರು ಓದುತ್ತಾರೆ ಅಂತ ಈ ಮಳೆಗಾಲದಲ್ಲಿ ಗೊತ್ತಾಯಿತು. ಫೋನ್ ಮಾಡಿ, "ನಿಮ್ಮ ಲೆಕ್ಕ ಹಳೇದು, ಸೇತುವೆ ಕಂಬದ ಮೇಲೆ ಈಗಾಗಲೇ ಅರ್ಧ ಅಡಿ ಜಾಸ್ತಿ ಇದೆ, ಬೇಕಾದರೆ ಫೋಟೋ ಕಳಿಸ್ತೀನಿ" ಎಂದರು. ಕಳಿಸಿದರು. ಲೆಕ್ಕ ಹಾಕುವವರಿಗೆ ಅದನ್ನು ದಾಟಿಸಿ, ಅವರು ಹೂಂ ಅಂದ ಮೇಲೆ ಐದು ಗಂಟೆ ಅನ್ನುವುದನ್ನು ನಾಲ್ಕು ಮಾಡಿ ಮತ್ತೆ ಕಳಿಸಿದೆವು.