ಎರಡು ತುಣುಕು, ಒಂದು ಚಿತ್ರ

ಪಾವಗಡದ ಕಡೆಯ ಟೆಂಟ್ ಸಿನಿಮಾದಲ್ಲಿ ಬಾಲ್ಯದಲ್ಲಿ ನೋಡಿದ ಒಂದು ಚಿತ್ರದ ಎರಡೇ ತುಣುಕುಗಳು ನಮ್ಮ ದೊಡ್ಡಮ್ಮನ ನೆನಪಿನಲ್ಲಿ ಉಳಿದಿದ್ದವು: ಹೆರಿಗೆಯಲ್ಲಿ ತೀರಿಕೊಳ್ಳುವ ಹೆಂಡತಿ, ಮತ್ತು ಮಾತು ಬಾರದೆ ಕೈಸನ್ನೆಯಲ್ಲೇ ಸಂಸಾರ ನಡೆಸುವ ಹೆಂಡತಿ. ಗಂಡ ರಾಜ್‌ಕುಮಾರ್ ಎಂಬುದರಲ್ಲಿ ಅವರಿಗೆ ಅನುಮಾನವಿರಲಿಲ್ಲ. ಸತ್ತವಳು ಮತ್ತೆ ಬರುವುದಾದರೂ ಹೇಗೆ, ಎರಡು ಚಿತ್ರಗಳು ಬೆರೆತುಹೋಗಿರಬೇಕು ಎಂದು ಮನೆಯವರೆಲ್ಲ ತೀರ್ಮಾನಿಸಿದ್ದರು. ನನಗೆ ಹಾಗೆನಿಸಲಿಲ್ಲ, ಟೆಂಟಿನ ನೆಲದಲ್ಲಿ ನಿದ್ದೆ ಹೋದ ಮಗು ಎಚ್ಚರವಿದ್ದಷ್ಟು ಹೊತ್ತು ಕಂಡದ್ದನ್ನೇ ಚಿತ್ರವೆಂದು ಉಳಿಸಿಕೊಂಡಿರುತ್ತದೆ.

ಇಂಥ ಹುಡುಕಾಟದಲ್ಲಿ ಕಥೆಯನ್ನು ಕೆದಕಿ ಕೇಳಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ. ಕೇಳಿದಷ್ಟೂ ನೆನಪು ತಾನೇ ಬಿಟ್ಟ ಸ್ಥಳಗಳನ್ನು ತುಂಬಿಕೊಳ್ಳುತ್ತದೆ. ಕಪ್ಪು-ಬಿಳುಪೋ ವರ್ಣವೋ ಎಂಬುದೂ ಅಂದುಕೊಂಡಷ್ಟು ನೆರವಾಗುವುದಿಲ್ಲ: 1964ರಲ್ಲಿಯೇ ‘ಅಮರಶಿಲ್ಪಿ ಜಕಣಾಚಾರಿ’ ವರ್ಣದಲ್ಲಿ ಬಂದಿದ್ದರೂ 1971ರ ‘ಕಸ್ತೂರಿ ನಿವಾಸ’ ಕಪ್ಪು-ಬಿಳುಪಿನಲ್ಲಿತ್ತು. ಕಿವಿಯ ನೆನಪು ಹೆಚ್ಚು ನಂಬಿಕೆಗೆ ಅರ್ಹ. ಆದ್ದರಿಂದ ಏನು ಕೇಳಿಸಿತ್ತು ಎಂದಷ್ಟೇ ವಿಚಾರಿಸಿದೆ. ದೊಡ್ಡಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, ತೊಡೆಯ ಮೇಲೆ ಮಗುವನ್ನು ತಟ್ಟುವಂತೆ ಕೈಯಾಡಿಸುತ್ತ ಒಂದು ಜೋಗುಳದ ಧಾಟಿಯನ್ನು ಗುನುಗಿದರು. ಕೊನೆಗೆ ‘ಕೇಳು ಮಗುವೆ’ ಎಂಬೆರಡು ಪದಗಳು ಹೊರಬಂದವು.

ಅಷ್ಟು ಸಾಕಾಯಿತು. ಅದು ಪಿ.ಬಿ. ಶ್ರೀನಿವಾಸ್ ಹಾಡಿರುವ ‘ಹಾಡೊಂದ ಹಾಡುವೆ’, ಚಿತ್ರ ಎನ್. ಲಕ್ಷ್ಮೀನಾರಾಯಣ್ ನಿರ್ದೇಶನದ 1964ರ ‘ನಾಂದಿ’. ಕಲ್ಪನಾ ಮೊದಲ ಹೆಂಡತಿ, ಕಿವಿ ಕೇಳದ, ಮಾತು ಬಾರದ ಎರಡನೆಯ ಹೆಂಡತಿ ಹರಿಣಿ. ದೊಡ್ಡಮ್ಮನ ನೆನಪಿನಲ್ಲಿ ಯಾವುದೂ ಬೆರೆತಿರಲಿಲ್ಲ. ಶ್ರವಣವೇ ಇಲ್ಲದವರ ಬದುಕನ್ನು ಕುರಿತ ಚಿತ್ರದಿಂದ ಅವರಲ್ಲಿ ಉಳಿದದ್ದು ‘ಕೇಳು’ ಎನ್ನುವ ಮಾತು ಎಂಬುದು ನನ್ನನ್ನು ಬಹಳವಾಗಿ ತಟ್ಟಿತು.

ಸಾಲು ನೆನಪಾಗದವರಿಗೆ ದನಿಯಾದರೂ ಕಾಲವನ್ನು ಸೂಚಿಸುತ್ತದೆ. 1974ರ ‘ಸಂಪತ್ತಿಗೆ ಸವಾಲ್’ ಚಿತ್ರದ ‘ಯಾರೇ ಕೂಗಾಡಲಿ’ಯ ನಂತರ ರಾಜ್‌ಕುಮಾರ್ ಹೆಚ್ಚಾಗಿ ತಮ್ಮ ಹಾಡುಗಳನ್ನು ತಾವೇ ಹಾಡಿದ್ದರಿಂದ, ತೆರೆಯ ಮೇಲೆ ಅವರಿಗೆ ಶ್ರೀನಿವಾಸರ ಕಂಠವಿದ್ದರೆ ಅದಕ್ಕಿಂತ ಹಿಂದಿನ ಚಿತ್ರಗಳಲ್ಲಿ ಮೊದಲು ಹುಡುಕುವುದು ಒಳ್ಳೆಯದು. ಹಳೆಯ ಹಾಡಿನ ಪುಸ್ತಕಗಳು ಸಿಕ್ಕರಂತೂ ಕೆಲಸ ಇನ್ನೂ ಸುಲಭ. ನಟರ ಹೆಸರು, ಹಾಡುಗಳು, ಮುಂದಿನದನ್ನು ತೆರೆಯ ಮೇಲೆ ನೋಡಿ ಎಂದು ನಿಲ್ಲುವ ಕಥಾಸಾರ, ಎಲ್ಲವೂ ಆ ತೆಳುವಾದ ಹಾಳೆಗಳಲ್ಲಿರುತ್ತವೆ.

ದೊಡ್ಡಮ್ಮನ ಬಳಿ ಇನ್ನೊಂದು ತುಣುಕಿದೆ: ತುಂಬಿದ ಹೊಳೆಗೆ ಇಳಿಯುವ ಎತ್ತಿನ ಗಾಡಿ, ದಡದಲ್ಲಿ ಕೂಗುವ ಮುದುಕ. ಹಾಡಿಲ್ಲ. ಗಡಿಯ ಆ ಟೆಂಟಿನಲ್ಲಿ ತೆಲುಗು ಚಿತ್ರಗಳೂ ಬರುತ್ತಿದ್ದವಾದ್ದರಿಂದ, ಮುದುಕ ಯಾವ ಭಾಷೆಯಲ್ಲಿ ಕೂಗಿದ ಎಂಬುದನ್ನು ಮೊದಲು ಕೇಳಬೇಕಾಗಿದೆ.